ಕೊಳವಿ ಸರಕಾರದ್ದು, ಮೂತಿ ನಂದು

ಫಕೀರಪ್ಪ ಮಾಸ್ತರರ ಕೆಳತುಟಿಯ ನಟ್ಟನಡುವೆ ಒಂದು ತಗ್ಗಿತ್ತು. ಹೆಬ್ಬೆರಳಿನ ಉಗುರು ಕೂರುವಷ್ಟು ಆಳ. ಇಪ್ಪತ್ತೆರಡು ವರ್ಷ ಕ್ಲಾರಿನೆಟ್ ಊದಿ ಊದಿ ಬಿದ್ದ ತಗ್ಗು ಅದು. ಸಿಟ್ಟು ಬಂದಾಗ ಮುಖವೆಲ್ಲ ಕೆಂಪಾಗಿ ಅದೊಂದು ಮಾತ್ರ ಬೆಳ್ಳಗಾಗುತ್ತಿತ್ತು. ನಾನು ಅವರ ಕೈಕೆಳಗೆ ಕಲಿತ ಹದಿನಾಲ್ಕು ತಿಂಗಳಲ್ಲಿ ಅದು ಬೆಳ್ಳಗಿಲ್ಲದ ದಿನ ನೋಡಿದ ನೆನಪು ನನಗಿಲ್ಲ.

ಎಲ್ಲರೂ ತಮ್ಮ ಗುರುಗಳ ಬಗ್ಗೆ ಬರೆಯುವಾಗ ಮೊದಲು ಕೈ ಮುಗಿಯುತ್ತಾರೆ. ನಾನು ಮುಗಿಯುವುದಿಲ್ಲ. ಆ ಮನುಷ್ಯನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಅವರಿಗೂ ನನ್ನ ಮೇಲೆ ಕೊನೆಯವರೆಗೆ ಇತ್ತು. ಯಾರದು ಹೆಚ್ಚು ಎಂದು ಕೇಳಿದರೆ ಅವರದೇ ಹೆಚ್ಚು ಎನ್ನಬೇಕಾಗುತ್ತದೆ, ಯಾಕೆಂದರೆ ತಪ್ಪು ನನ್ನದಿತ್ತು. ಇರಲಿ, ಅದು ಆಮೇಲಿನ ಮಾತು.

ನಾನು ಬೆಟಗೇರಿಯ ನೇಕಾರ. ಹತ್ತು ವರ್ಷದವನಿದ್ದಾಗ ಅಪ್ಪ ನನ್ನನ್ನು ಕುಣಿಮಗ್ಗಕ್ಕೆ ಇಳಿಸಿದ. ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು ಮುಂಜಾನೆ ಕುಳಿತರೆ ಸಂಜೆ ಏಳುವುದು. ಬೀದಿಯಲ್ಲಿ ಹೋಗುವವರ ಮೊಣಕಾಲು, ಚಪ್ಪಲಿ, ಸೀರೆಯ ಅಂಚು ಇಷ್ಟೇ ನನಗೆ ಕಾಣುತ್ತಿದ್ದದ್ದು. ಜನರ ಮುಖ ನೋಡಬೇಕೆಂದರೆ ಕತ್ತು ಎತ್ತಬೇಕು. ಇಪ್ಪತ್ತೆರಡಾಗುವ ಹೊತ್ತಿಗೆ ನನಗೆ ಒಂದೇ ಒಂದು ಆಸೆ ಉಳಿದಿತ್ತು: ಆ ಕುಣಿಯಿಂದ ಮೇಲೆದ್ದು, ಬೀದಿಯ ನಡುವೆ ನಿಂತು, ಕ್ಲಾರಿನೆಟ್ ನುಡಿಸಬೇಕು. ಒಮ್ಮೆ ನೂಲು ತರಲು ಹೊರಟಾಗ ದಾರಿಯ ಊರೊಂದರಲ್ಲಿ ಸಂಸ್ಥಾನಿಕರ ಸವಾರಿ ಎದುರಾಗಿತ್ತು. ಮುಂದೆ ಬ್ಯಾಂಡು. ಬ್ಯಾಂಡಿನ ಮುಂದೆ ಕರಿಯ ಕೊಳವೆ ಹಿಡಿದ ಒಬ್ಬ ಗಿಡ್ಡ ಮನುಷ್ಯ. ಕಹಳೆಗಳೆಲ್ಲ ನಿಂತು ಅವನೊಬ್ಬನೇ ನುಡಿಸಿದಾಗ ಎತ್ತು ಹೊಡೆಯುತ್ತಿದ್ದವರು ಬಂಡಿ ನಿಲ್ಲಿಸಿ ಕೇಳಿದರು. ನಾನು ನೂಲಿನ ಗಂಟು ಹೊತ್ತುಕೊಂಡೇ ಕೇಳಿದೆ.

ಆ ಸಂಸ್ಥಾನದ ಹೆಸರು ಹೇಳುವುದಿಲ್ಲ. ನಮ್ಮ ಸುತ್ತಮುತ್ತ ಅಂಥವು ಆಗ ಬೇಕಾದಷ್ಟಿದ್ದವು. ಇಲ್ಲಿ ನಿಂತರೆ ಮುಂಬಯಿ ಸರಕಾರ, ಎರಡು ಹೊಲ ದಾಟಿದರೆ ಒಬ್ಬ ದೊರೆ, ಹೊಳೆ ದಾಟಿದರೆ ಇನ್ನೊಬ್ಬ. ಸ್ವಾತಂತ್ರ್ಯ ಬಂದ ಮೇಲೆ ಅವೆಲ್ಲ ಒಂದೊಂದಾಗಿ ವಿಲೀನವಾದವು. ಈ ಸಂಸ್ಥಾನವೂ ಹೋಯಿತು, ಅದರ ಬ್ಯಾಂಡೂ ಹೋಯಿತು. ಅದೇ ವರ್ಷ ನಮ್ಮ ಓಣಿಯ ಮೂಲೆಯ ಕೋಣೆಗೆ ಒಬ್ಬ ಗಿಡ್ಡ ಮನುಷ್ಯ ಬಾಡಿಗೆಗೆ ಬಂದರು. ಬಗಲಲ್ಲಿ ಒಂದು ಹಾಸಿಗೆ, ಕೈಯಲ್ಲಿ ಬೀಗ ಹಾಕಿದ ಒಂದು ಕರಿಯ ಪೆಟ್ಟಿಗೆ. ಹಾರ್ಮೋನಿಯಂ ರಿಪೇರಿ ಮಾಡಿ ಹೊಟ್ಟೆ ಹೊರೆಯುತ್ತಾರೆ ಎಂದು ಜನ ಅಂದರು. ನಾನು ಕುಣಿಯಿಂದ ಕತ್ತೆತ್ತಿ ನೋಡಿದೆ. ತುಟಿಯ ತಗ್ಗು ಕಂಡಿತು. ಅವರೇ ಎಂದು ಗೊತ್ತಾಯಿತು.

ಮರುದಿನವೇ ಹೋಗಿ ಕೇಳಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಏನ್ ಮಾಡ್ತಿ?"

"ನೇಯ್ತೀನ್ರಿ."

"ಮತ್ತ ನೇಯಿ. ಇದ್ಯಾಕ?"

"ಕಲೀಬೇಕನಸ್ತೈತ್ರಿ."

"ಅನಸ್ತೈತಿ! ನನಗ ಜಿಲೇಬಿ ತಿನ್ನಬೇಕನಸ್ತೈತಿ. ಅನಿಸಿದ್ದಕ್ಕೆಲ್ಲಾ ಬಾಯಿ ತೆರೀತಾರೇನಲೇ?"

ಆದರೂ ಒಪ್ಪಿದರು. ದಕ್ಷಿಣೆ ಬೇಡವೆಂದರು. ಅದರ ಬದಲು ದಿನಾ ಮುಂಜಾನೆ ಬಾವಿಯಿಂದ ಎರಡು ಕೊಡ ನೀರು ತಂದುಹಾಕಬೇಕು. ಒಪ್ಪಿಕೊಂಡೆ. ಆಗ ಅವರು ಕಿಸೆಯಿಂದ ಒಂದು ಕರಿಯ ತುಂಡು ತೆಗೆದು ಕೈಯಲ್ಲಿಟ್ಟರು. ಕ್ಲಾರಿನೆಟ್ಟಿನ ತುದಿಗೆ ಸಿಕ್ಕಿಸಿ ಬಾಯಲ್ಲಿ ಹಿಡಿಯುವ ಮೌತ್‌ಪೀಸು, ಬೆರಳುದ್ದದ್ದು, ಊದಿದರೆ ಅದುರಿ ದನಿ ಕೊಡುವ ಒಂದು ತೆಳು ಬೆತ್ತದ ಪತ್ತಿ ಬಿಗಿದದ್ದು. ಮಾಸ್ತರರು ಅದನ್ನು ಮೂತಿ ಎನ್ನುತ್ತಿದ್ದರು. ಅವರ ಹತ್ತಿರ ಎರಡಿದ್ದವು, ನನಗೆ ಕೊಟ್ಟದ್ದು ಹಳೆಯದು.

"ಉಳದದ್ದು?" ಎಂದೆ.

ಅವರು ಮಂಚದ ಕೆಳಗಿದ್ದ ಕರಿಯ ಪೆಟ್ಟಿಗೆಯನ್ನು ಕಾಲಿನಿಂದ ಮುಟ್ಟಿ ತೋರಿಸಿದರು. "ಮೊದಲ ಮೂತಿ ಮಾತಾಡ್ಲಿ. ಆಮ್ಯಾಲೆ ಪೆಟಿಗಿ ತಗದೇನು."

ಮನೆಗೆ ತಂದಾಗ ಅವ್ವ ಹೊಸ್ತಿಲಲ್ಲೇ ತಡೆದಳು. "ಯಾರ್ದೋ ಬಾಯಾಗ ಇದ್ದದ್ದನ್ನ ನೀ ಬಾಯಾಗ ಹಾಕ್ಕೊಳ್ತೀ? ಎಂಜಲಾ ಅದು. ನಾಚಿಕಿ ಬರೂದಿಲ್ಲೇನು?" ನಾನು ಬಿಸಿನೀರಲ್ಲಿ ತೊಳೆದಿದ್ದೇನೆ ಎಂದೆ. "ಬಿಸಿನೀರಾಗ ತೊಳದ್ರ ಎಂಜಲಾ ಹೋಗ್ತಿದ್ರ ಊರಾಗಿನ ಎಲ್ಲಾರೂ ಒಂದ ತಾಟಿನಾಗ ಉಣ್ತಿದ್ರು" ಎಂದಳು. ಕೊನೆಗೆ ಒಂದು ತೀರ್ಮಾನವಾಯಿತು. ಮೂತಿ ಒಳಗೆ ಬರಬಾರದು. ಹೊರಗೋಡೆಯ ಗೂಡಿನಲ್ಲಿ ಇರಬೇಕು. ಊದಿದ ಮೇಲೆ ಬಾಯಿ ಮುಕ್ಕಳಿಸಿಯೇ ನಾನು ಒಳಗೆ ಕಾಲಿಡಬೇಕು. ಹದಿನಾಲ್ಕು ತಿಂಗಳು ಅವ್ವ ಆ ಗೂಡಿನ ಕಡೆ ನೋಡದೆ ಓಡಾಡಿದಳು.

ಬರೀ ಮೂತಿ ಊದಿದರೆ ಏನು ಶಬ್ದ ಬರುತ್ತದೆ ಎಂದು ಕೇಳಿದವರಿಗೇ ಗೊತ್ತು. ಬಾಗಿಲ ಸಂದಿಯಲ್ಲಿ ನಾಯಿಮರಿಯ ಕಾಲು ಸಿಕ್ಕರೆ ಅದು ಹೇಗೆ ಕೂಗುತ್ತದೋ ಹಾಗೆ. ಒಂದೇ ಸ್ವರ, ಅದೂ ನೆಟ್ಟಗಿಲ್ಲ. ಮೊದಲ ವಾರ ಓಣಿಯವರು ನಕ್ಕರು. ಎರಡನೆಯ ವಾರ ಎದುರು ಮನೆಯ ಮುದುಕಿ ಕೋಲು ಹಿಡಿದು ಬಂದಳು. "ಲೇ ಶಂಕ್ರ, ನನ್ನ ಎಮ್ಮಿ ಹಾಲು ಬಿಡವಲ್ದು. ಏನ್ ಜೀವಾ ತಗೀತಿ ಅದ್ರದು?" ಮೂರನೆಯ ವಾರ ಯಾರೋ ಗೂಡಿನಲ್ಲಿ ಸಗಣಿ ತುಂಬಿದ್ದರು. ಮೂತಿ ಅದೃಷ್ಟಕ್ಕೆ ನನ್ನ ಕಿಸೆಯಲ್ಲಿತ್ತು. ಆಮೇಲೆ ನಾನು ಮುಂಜಾನೆ ಎದ್ದು ಕಳಸಾಪುರದ ದಾರಿಯ ಹೊಲಗಳ ಕಡೆ ಹೋಗಿ ಊದತೊಡಗಿದೆ. ಅಲ್ಲಿಯೂ ಕುರಿಯವನೊಬ್ಬ ಕಲ್ಲು ಬೀರಿದ.

ಮಾಸ್ತರರ ಕೋಣೆಯಲ್ಲಿ ಮಾತ್ರ ಯಾವಾಗ ಬೇಕಾದರೂ ಊದಬಹುದಿತ್ತು. ಆದರೆ ಅಲ್ಲಿ ಮಾಸ್ತರರಿರುತ್ತಿದ್ದರು. ಅದಕ್ಕಿಂತ ಕುರಿಯವನ ಕಲ್ಲೇ ಮೇಲು.

ಅವರು ಎದುರಿಗೆ ಕೂತು ನನ್ನ ಗಲ್ಲ ನೋಡುತ್ತಿದ್ದರು. ಗಲ್ಲ ಉಬ್ಬಿತೋ, ಹಾರ್ಮೋನಿಯಂ ರಿಪೇರಿಯ ಕಟ್ಟಿಗೆಯ ಪಟ್ಟಿಯಿಂದ ಚಟ್ಟನೆ ಹೊಡೆಯುತ್ತಿದ್ದರು. "ಗಲ್ಲದಾಗ ಏನೈತಿ? ಹಿಟ್ಟು ಇಟ್ಕೊಂಡಿಯೇನು? ಉಸುರು ಹೊಟ್ಟಿಯಿಂದ ಬರ್ಲಿ." ತುಟಿ ಸಡಿಲಾದರೆ, "ತುಟಿ ಬಿಗಿ ಹಿಡಿ. ಹೆಣಾ ನಗ್ತೈತೇನು ಹಂಗ?" ಬಿಗಿ ಹೆಚ್ಚಾದರೆ, "ಕಚ್ಚಬ್ಯಾಡ, ಅದೇನು ಕಬ್ಬಲ್ಲ." ನಾನು ಇಪ್ಪತ್ತೆರಡು ವರ್ಷದ, ಮದುವೆಗೆ ಹೆಣ್ಣು ನೋಡುತ್ತಿದ್ದ ಗಂಡಸು. ಗಲ್ಲದ ಮೇಲೆ ಪಟ್ಟಿಯ ಬಾಸುಂಡೆ ಹೊತ್ತು ಹೆಣ್ಣು ನೋಡಲು ಹೋಗುವುದೆಂದರೆ ಏನೆಂದು ಯೋಚಿಸಿ. ಮುಂಡರಗಿಯ ಕಡೆಯ ಒಂದು ಸಂಬಂಧ ಅದರಿಂದಲೇ ತಪ್ಪಿತು. ಹುಡುಗಿಯ ತಂದೆ ನನ್ನ ಮುಖ ನೋಡಿ, "ಎಲ್ಲೋ ಜಗಳಗಂಟ ಅದಾನು" ಎಂದನಂತೆ.

ಕೋಣೆಯ ತೊಲೆಗೆ ಒಂದು ಹಿತ್ತಾಳೆಯ ಗಿಂಡಿ ನೇತುಹಾಕಿದ್ದರು. ಖಾಲಿ ಗಿಂಡಿ, ಸಣ್ಣದು. ಮಾಸ್ತರರು ತಮ್ಮ ಮೂತಿ ಬಾಯಿಗಿಟ್ಟು ಒಂದು ಸ್ವರ ಹಿಡಿದರೆ ಆ ಗಿಂಡಿ ಯಾರೂ ಮುಟ್ಟದೆಯೇ ಝುಂ ಎನ್ನುತ್ತಿತ್ತು. ಸ್ವರ ನೂಲಿನಷ್ಟು ಅತ್ತಿತ್ತ ಆದರೂ ಸುಮ್ಮನಾಗುತ್ತಿತ್ತು. "ನನಗ ಹೇಳಬ್ಯಾಡ ಬಂತಂತ. ಗಿಂಡಿ ಹೇಳ್ಬೇಕು" ಎನ್ನುತ್ತಿದ್ದರು. ನಾನು ಏಳು ತಿಂಗಳು ಆ ಗಿಂಡಿಯ ಮುಂದೆ ಕೂತು ಊದಿದೆ. ಅದು ನನ್ನ ಕಡೆ ಹೊಟ್ಟೆ ತಿರುಗಿಸಿ ಸುಮ್ಮನೆ ತೂಗುತ್ತಿತ್ತು. ಒಂದು ದಿನ ಅವರು ಹೊರಗೆ ಹೋದಾಗ ಅದಕ್ಕೆ ಗುದ್ದಿದೆ. ಅವರು ಬಂದು ಅದರ ಹೊಟ್ಟೆಯ ತಗ್ಗು ನೋಡಿ, "ಗುದ್ದಿದ್ರ ಎಲ್ಲಾರೂ ಮಾತಾಡ್ತಾರ. ಊದಿ ಮಾತಾಡಸು" ಎಂದರು. ಆ ತಗ್ಗಿನಿಂದ ಗಿಂಡಿಯ ಸ್ವರ ಬದಲಾಯಿತೆಂದು ಇಡೀ ದಿನ ಕುಳಿತು, ಒಳಗಿನಿಂದ ಕಲ್ಲಿನಲ್ಲಿ ಬಡಿದು ಸರಿ ಮಾಡಿದರು. ನನಗೆ ಮಾತ್ರ ನೀರಿನ ಕೊಡ ಎರಡರಿಂದ ನಾಲ್ಕಾದವು.

ಅದು ಮಾತಾಡಿದ ದಿನ ಚೆನ್ನಾಗಿ ನೆನಪಿದೆ. ನಾನು ಬೇರೇನೋ ಯೋಚಿಸುತ್ತ ಊದುತ್ತಿದ್ದೆ, ತಲೆಯ ಮೇಲೆ ಝುಂ ಎಂದಿತು. ಮೈಯೆಲ್ಲ ಜುಮ್ಮೆಂದಿತು. ಉಸಿರು ಬಿಟ್ಟೇನೆಂಬ ಭಯಕ್ಕೆ ಕಣ್ಣಲ್ಲಿ ನೀರು ಬರುವವರೆಗೆ ಹಿಡಿದೆ. ಮಾಸ್ತರರು ಹಾರ್ಮೋನಿಯಮ್ಮಿನ ಹೊಟ್ಟೆಯಿಂದ ತಲೆಯೆತ್ತಿ ಗಿಂಡಿಯನ್ನು ನೋಡಿದರು. ನನ್ನನ್ನು ನೋಡಲಿಲ್ಲ.

"ಪೆಟಿಗಿ ತಗೀರಿ ಮಾಸ್ತರ್ರ" ಎಂದೆ, ಏದುಸಿರಿನಲ್ಲೇ.

"ಇದು ಒಂದ ಆತು. ಇನ್ನಾ ಆರು ಅದಾವು."

ಉಳಿದ ಆರು ಸ್ವರಗಳೂ ಬರೀ ಮೂತಿಯಲ್ಲೇ ಬರಬೇಕಂತೆ! ಅವರು ಮೂತಿಯ ಬುಡಕ್ಕೆ ಮುಷ್ಟಿ ಹಿಡಿದು, ಬೆರಳು ಅಷ್ಟಷ್ಟೇ ಬಿಚ್ಚುತ್ತ ಮುಚ್ಚುತ್ತ ಸರಿಗಮ ನುಡಿಸಿ ತೋರಿಸಿದರು. ಸಂಸ್ಥಾನಿಕರಿಗೆ ನುಡಿಸುತ್ತಿದ್ದ ಸಲಾಮಿನ ಹಾಡನ್ನು ಪೂರ್ತಿ ನುಡಿಸಿದರು. ಸುಳ್ಳು ಹೇಳಲಾರೆ, ಚೆಂದವಿತ್ತು. ಆದರೆ ನನಗೆ ಬೇಕಾದದ್ದು ಅದಲ್ಲ. ಕೊಳವೆಯಲ್ಲಿ ಬೆರಳಿಟ್ಟರೆ ಸರಾಗವಾಗಿ ಬರುವುದನ್ನು ಮುಷ್ಟಿಯಲ್ಲಿ ಹಿಂಡಿ ತೆಗೆಸುವ ಹಟ ಯಾಕೆ? ನನ್ನನ್ನು ಸತಾಯಿಸಲಿಕ್ಕೇ ಎಂದು ನನಗೆ ಖಾತ್ರಿಯಾಯಿತು. ಆದರೂ ಕಲಿತೆ, ಇನ್ನೂ ಏಳು ತಿಂಗಳು. ಆ ಪೆಟ್ಟಿಗೆಯ ಮೇಲಿನ ಆಸೆಗೆ ಕಲಿತೆ.

ಆಗಲೇ ಮಲ್ಲೇಶಿ ಬಂದದ್ದು. ಮದುವೆಗಳಿಗೆ ನುಡಿಸುವ ಬ್ಯಾಂಡಿನ ಮಾಲಕ. ಡೋಲು, ಕಹಳೆ ಎಲ್ಲ ಕೂಡಿಸಿಕೊಂಡಿದ್ದ, ಕ್ಲಾರಿನೆಟ್ ಒಂದಿರಲಿಲ್ಲ. "ವಾದ್ಯ ಇದ್ದಾಂವ ಬೇಕು ನೋಡಪಾ. ನಿನ್ನ ಕಡೆ ಐತೇನು?" ಎಂದು ಕುಣಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಕೇಳಿದ. ಐತಿ ಎಂದೆ. ಎದ್ದೆ. ಅವನನ್ನು ಕರೆದುಕೊಂಡು ನೇರ ಮಾಸ್ತರರ ಕೋಣೆಗೆ ಹೋದೆ.

"ಮಾಸ್ತರ್ರ, ಕೆಲಸಾ ಬಂದೈತಿ. ಕ್ಲಾರಿನೆಟ್ ಕೊಡ್ರಿ. ಜೀವಾ ಇರೂತನಕ ನೀರು ಹೊರ್ತೀನಿ."

"ಇನ್ನಾ ತಯಾರಾಗಿಲ್ಲ ನೀ."

"ಯಾವಾಗ ಆಗ್ತೀನ್ರಿ?"

"ನಾ ಹೇಳಿದಾಗ."

"ನೀವು ಹೇಳೂದಿಲ್ರಿ. ನೀವು ಸಾಯೂತನಕ ಹೇಳೂದಿಲ್ಲ!"

ದನಿ ಏರಿತು. ಓಣಿಯ ಜನ ಬಾಗಿಲಿಗೆ ಬಂದು ನಿಂತರು. ನನ್ನ ತಲೆ ತಿರುಗಿತ್ತು. ಮಂಚದ ಕೆಳಗೆ ಕೈ ಹಾಕಿ ಪೆಟ್ಟಿಗೆ ಎಳೆದೆ. ಮಾಸ್ತರರು ನನ್ನ ರಟ್ಟೆ ಹಿಡಿದರು, ಕೊಸರಿಕೊಂಡೆ. ಅವರದೇ ಸುತ್ತಿಗೆಯಿಂದ ಬೀಗ ಒಡೆದೆ.

ಒಳಗೆ ಕೆಂಪು ಮಕಮಲ್ಲು. ಮಕಮಲ್ಲಿನಲ್ಲಿ ವಾದ್ಯದ ತುಂಡುಗಳು ಕೂರುವ ಐದು ತಗ್ಗು. ನಾಲ್ಕು ಖಾಲಿ. ಐದನೆಯದರಲ್ಲಿ ಅವರ ಮೂತಿ ಮಲಗಿತ್ತು.

ಮೊದಲು ಎಮ್ಮೆಯ ಮುದುಕಿ ನಕ್ಕಳು, ಅವಳ ಹಿಂದೆ ಎಲ್ಲರೂ ನಕ್ಕರು. ಮಾಸ್ತರರು ಮುಚ್ಚಳ ಹಾಕಿ, ಪೆಟ್ಟಿಗೆಯ ಮೇಲೆಯೇ ಕೂತರು. ಅಲ್ಲಿದ್ದವರಿಗೆಲ್ಲ ಹೇಳುವಂತೆ, ಆದರೆ ನೆಲ ನೋಡುತ್ತ ಹೇಳಿದರು:

"ಸಂಸ್ಥಾನ ಹೋದ ದಿವಸ ಖಜಾನಿಗೆ ಕರದ್ರು. ಎಲ್ಲಾ ಒಪ್ಪಿಸ್ರಿ ಅಂದ್ರು. ಡೋಲು ಒಪ್ಪಿಸಿದ್ವಿ, ಕಹಳಿ ಒಪ್ಪಿಸಿದ್ವಿ. ನಾ ಕ್ಲಾರಿನೆಟ್ ತುಂಡು ತುಂಡು ಬಿಚ್ಚಿ ಮೇಜಿನ ಮ್ಯಾಲೆ ಇಟ್ಟೆ. ಕಾರಕೂನ ಮೂತಿ ನೋಡಿ ಹಿಂದ ಸರದ. 'ಏ, ಬಾಯಾಗಿಂದು ಇಲ್ಲೆ ಇಡಬ್ಯಾಡ್ರಿ, ಎಂಜಲಾ ಅದು, ತಗೀರಿ' ಅಂದ. ತಗದೆ. ಕೊಳವಿ ಸರಕಾರದ್ದು, ಮೂತಿ ನಂದು. ಇಷ್ಟ."

ನಾನು ಆಗಲಾದರೂ ಸುಮ್ಮನಿರಬೇಕಿತ್ತು. ಇರಲಿಲ್ಲ. "ಇಲ್ಲದ ಕೊಳವಿ ತೋರ್ಸಿ ಹದಿನಾಕು ತಿಂಗಳ ನನ್ನ ಕಡಿಂದ ನೀರು ಹೊರಸ್ಕೊಂಡ್ರಿ! ಇದು ಮೋಸ ಅಲ್ಲೇನ್ರಿ?" ಎಂದು ಕೂಗಿದೆ.

ಮಾಸ್ತರರು ತಲೆಯೆತ್ತಿದರು. ತುಟಿಯ ತಗ್ಗು ಸುಣ್ಣದಷ್ಟು ಬೆಳ್ಳಗಿತ್ತು. "ನನ್ನ ಕಡೆ ಇದ್ದದ್ದು ಇದೊಂದ. ಇದ್ದದ್ದನ್ನ ಪೂರಾ ಕಲಿಸೇನಿ. ಹೋಗು."

ಅವತ್ತಿನಿಂದ ಹುಡುಗರು ಅವರ ಬೆನ್ನ ಹಿಂದೆ "ಖಾಲಿ ಪೆಟಿಗಿ ಮಾಸ್ತರ" ಎಂದು ಕೂಗತೊಡಗಿದರು. ಹಾರ್ಮೋನಿಯಂ ತರುವವರೂ ಅನುಮಾನದಿಂದ ನೋಡತೊಡಗಿದರು. ವಾರದೊಳಗೆ ಅವರು ಕೋಣೆ ಬಿಟ್ಟು ಮುಳಗುಂದದ ಮಗಳ ಮನೆಗೆ ಹೋದರು. ನನ್ನ ಹತ್ತಿರವಿದ್ದ ಮೂತಿಯನ್ನು ಕೇಳಲಿಲ್ಲ. ನಾನೂ ಕೊಡಲು ಹೋಗಲಿಲ್ಲ.

ಈಗ ನನ್ನ ತಪ್ಪಿನ ಮಾತಿಗೆ ಬರುತ್ತೇನೆ.

ಖಜಾನೆಯ ಕತೆ ಕೇಳಿದ ಮಲ್ಲೇಶಿ ಸುಮ್ಮನೆ ಕೂರಲಿಲ್ಲ. ಆ ಹಳೇ ಸಾಮಾನು ಹರಾಜಿಗೆ ಬರುತ್ತದೆಂದು ಪತ್ತೆ ಹಚ್ಚಿ, ಹೋಗಿ, ಗೋಣಿಚೀಲದಲ್ಲಿ ಸುತ್ತಿದ ಕ್ಲಾರಿನೆಟ್ ಹಿಡಿದುಕೊಂಡೇ ಬಂದ. ಊದಿ ಊದಿ ಅವನ ಮುಖ ಕೆಂಪಾಗಿತ್ತು. "ಒಡದೈತೇನೋ ಶಂಕ್ರ, ನೋಡಪಾ. ಉಸುರು ಈ ಕಡಿಂದ ಹೋಗಿ ಆ ಕಡಿಂದ ಬರ್ತೈತಿ, ದನಿನ ಬರವಲ್ದು." ಮಾಸ್ತರರ ಮಾತು ಕೇಳಿದ್ದರೂ ಮೂತಿ ಇಲ್ಲದ್ದನ್ನೇ ಕೊಂಡಿದ್ದೇನೆಂದು ಅವನಿಗೆ ಹೊಳೆದೇ ಇರಲಿಲ್ಲ. ಮಾರಿದವರಿಗೂ ಗೊತ್ತಿರಲಿಲ್ಲ. ನಾನು ಗೂಡಿನಿಂದ ಮೂತಿ ತಂದು ಸಿಕ್ಕಿಸಿದೆ. ಮನೆಗೆ ಮರಳಿ ಬಂದವನ ಹಾಗೆ ಹೋಗಿ ಕೂತಿತು. ಊದಿದೆ. ಮೊದಲ ಉಸಿರಿಗೇ ತುಂಬಿದ, ದುಂಡನೆಯ, ಅಲುಗದ ಸ್ವರ ಬಂತು. ಓಣಿಯವರು ಹೊರಗೆ ಬಂದರು, ಈ ಸಲ ಕೋಲಿಲ್ಲದೆ. ಅವ್ವ ಒಳಗಿನಿಂದಲೇ, "ಯಾರೋ ಅದು ನುಡಸಾವ್ರು?" ಎಂದು ಕೇಳಿದಳು.

ಕೊಳವೆಯ ಸಣ್ಣ ಕೀಲಿಯೊಂದಕ್ಕೆ ತಾಮ್ರದ ತಂತಿ ಸುತ್ತಿತ್ತು. ಮುರಿದಾಗ ಅಕ್ಕಸಾಲಿಗನಿಂದ ಸುತ್ತಿಸಿದ್ದೆನೆಂದು ಮಾಸ್ತರರು ಹತ್ತು ಸಲ ಹೇಳಿದ್ದರು. ಅದು ಅವರದೇ ವಾದ್ಯ. ಮಲ್ಲೇಶಿಗೂ ಹೇಳಿದೆ, ಬಾಯಿ ತಪ್ಪಿ. ಅವನು ಒಳ್ಳೆಯ ಮನುಷ್ಯ.

"ಹಂಗಾರ ಅವರನ್ನ ಕರಿ. ಹಿರೇರು ನುಡಸ್ಲಿ. ನೀ ಬಾಜೂಕ ನಿಂತು ಕಲಿ, ವರ್ಷೊಪ್ಪತ್ತಿನಾಗ ನಿನಗೂ ಒಂದು ತರೋಣಂತ. ಜಲ್ದಿ ಹೋಗಿ ಕೇಳಿ ಬಾ" ಎಂದ.

ಮರುದಿನ ಬುತ್ತಿ ಕಟ್ಟಿಕೊಂಡು ಮುಳಗುಂದದ ದಾರಿ ಹಿಡಿದೆ. ಅರ್ಧ ದಾರಿಯಲ್ಲಿ ಒಂದು ಬೇವಿನ ಮರ. ಅದರ ಕೆಳಗೆ ಕೂತು ರೊಟ್ಟಿ ತಿಂದೆ. ವರ್ಷೊಪ್ಪತ್ತು ಎಂದರೆ ಇನ್ನೊಂದು ವರ್ಷ ಕುಣಿಯಲ್ಲಿ. ಇನ್ನೊಂದು ವರ್ಷ ಅವರ ಪಕ್ಕದಲ್ಲಿ, ಅವರ ಬೈಗುಳದಲ್ಲಿ, ಬರಿಗೈಲಿ. ನೀರು ಕುಡಿದು, ಬುತ್ತಿಯ ಬಟ್ಟೆ ಕೊಡವಿ, ಬಂದ ದಾರಿಯಲ್ಲೇ ತಿರುಗಿ ಬಂದೆ.

"ಮಾಸ್ತರ್ರು ಒಲ್ಲೆ ಅಂದ್ರು" ಎಂದೆ ಮಲ್ಲೇಶಿಗೆ. "ದೊರಿ ಮುಂದ ನುಡಿಸಿದ ಬಾಯಿ, ಲಗ್ನದಾಗ ನುಡಸೂದಿಲ್ಲ ಅಂದ್ರು."

ಆ ಕೊನೆಯ ಮಾತನ್ನು ಯಾಕೆ ಸೇರಿಸಿದೆನೋ ಗೊತ್ತಿಲ್ಲ. ಸುಳ್ಳಿಗೆ ಮೈ ಬರಲಿ ಎಂದಿರಬೇಕು. ಮಲ್ಲೇಶಿ ನಂಬಿದ, ಸ್ವಲ್ಪ ನೊಂದ. ನಾನು ಕುಣಿಯಿಂದ ಮೇಲೆದ್ದೆ. ಏಳು ವರ್ಷ ಅವರದೇ ಕೊಳವೆಗೆ ಅವರದೇ ಮೂತಿ ಸಿಕ್ಕಿಸಿ ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಹಮ್ಮಿಗಿಯವರೆಗೆ ನುಡಿಸಿದೆ. ನುಡಿಸಲು ಬನ್ನಿರೆಂದು ಮುಳಗುಂದದಿಂದ ಮುಂಗಡದ ಸುಪಾರಿ ಬಂದಾಗ ಮಾತ್ರ ಪ್ರತಿ ಸಲ ಜ್ವರ ಬರಿಸಿಕೊಂಡೆ.

ಕರ್ನಾಟಕ ಒಂದಾದ ದಿನ ಬೆಟಗೇರಿಯಿಂದ ಗದಗಿನವರೆಗೆ ಮೆರವಣಿಗೆ. ಮುಂದೆ ನಮ್ಮ ಬ್ಯಾಂಡು. ಆ ದಿನಕ್ಕೆಂದೇ ಒಂದು ಹಾಡು ಕೂಡಿಸಿದ್ದೆವು. ಅದರ ನಡುವೆ ಕಹಳೆ, ಡೋಲು ಎಲ್ಲ ನಿಂತು ಕ್ಲಾರಿನೆಟ್ ಒಂದೇ ನುಡಿಯುವ ಜಾಗವಿತ್ತು. ನನ್ನ ಜಾಗ. ನಾನು ಹೊಸ ರುಮಾಲು ಸುತ್ತಿದ್ದೆ. ಸುತ್ತಲಿನ ಊರುಗಳಿಂದ ಬಂಡಿ ಕಟ್ಟಿಕೊಂಡು ಜನ ಬಂದಿದ್ದರು. ಅರ್ಧ ದಾರಿಯಲ್ಲಿ ಒಂದು ಕಟ್ಟೆಯ ಮೇಲೆ ಯಾರೋ ಭಾಷಣ ಶುರು ಮಾಡಿದರು. ಬ್ಯಾಂಡಿನವರು ಚಹದಂಗಡಿಯ ಬದಿಗೆ ನಿಂತೆವು. ಮಲ್ಲೇಶಿ ಮುಂದೆ, ಭಾಷಣದ ಹತ್ತಿರ ಇದ್ದ.

"ಮೂತಿ ಕೊಡು."

ತಿರುಗಿ ನೋಡಿದೆ. ಮಾಸ್ತರರು. ಇನ್ನಷ್ಟು ಗಿಡ್ಡಾಗಿದ್ದರು, ಕೈಯಲ್ಲಿ ಎಮ್ಮೆ ಕಾಯುವ ಕೋಲು. ತುಟಿಯ ತಗ್ಗು ಹಾಗೇ ಇತ್ತು.

"ಆರಾಮದೀರೇನ್ರಿ ಮಾಸ್ತರ್ರ" ಎಂದೆ.

"ಮಲ್ಲೇಶಿ ಹ್ವಾದ ತಿಂಗಳ ಮುಳಗುಂದಕ್ಕ ಬಂದಿದ್ದ. ನನ್ನ ಕರದಿದ್ನಂತ. ನಾ ಒಲ್ಲೆ ಅಂದೆನಂತ. ನಾ ಅಂದದ್ದು ನನಗ ಗೊತ್ತಾಗಲಿಲ್ಲ ನೋಡು."

"ಮಲ್ಲೇಶಿಗೆ ಹೇಳಿದ್ರೇನ್ರಿ?"

"ಅವಂಗ್ಯಾಕ ಹೇಳ್ಲಿ? ಅಂವ ಏನ್ ಮಾಡ್ಯಾನ? ಮೂತಿ ಕೊಡು. ಕೊಳವಿ ಹರಾಜಾತು, ಕೊಂಡಾವ್ರದಾತು. ಮೂತಿ ನಂದು."

"ಮೆರವಣಿಗಿ ಮುಗೀಲ್ರಿ. ಕಾಲಿಗೆ ಬೀಳ್ತೀನಿ. ಇವತ್ತ ಎಲ್ಲಾರೂ ಒಂದಾಗ್ಯಾರ್ರಿ ಮಾಸ್ತರ್ರ, ನೀವೂ ಸಿಟ್ಟು ಬಿಡ್ರಿ."

"ರಾಜ್ಯ ಒಂದಾದ್ವು. ನೀನೂ ನಾನೂ ಒಂದಾಗಬೇಕಂತ ಯಾರರ ಕಾಯ್ದೆ ಮಾಡ್ಯಾರೇನು?"

ಕೈ ಚಾಚಿಯೇ ನಿಂತಿದ್ದರು. ಕೂಗಾಡಿದ್ದರೆ ನಾನೂ ಕೂಗಾಡುತ್ತಿದ್ದೆ. ಅವರು ಕೂಗಲಿಲ್ಲ. ನಾನು ಮೂತಿ ಬಿಚ್ಚಿ ಅವರ ಅಂಗೈಯಲ್ಲಿಟ್ಟೆ. ಅವರು ಅದನ್ನು ಧೋತರದ ಚುಂಗಿನಿಂದ ಒರೆಸಿ, ಪತ್ತಿಯನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಕೊಳವೆಯ ಕಡೆ ಒಂದು ಸಲ, ಒಂದೇ ಸಲ ನೋಡಿದರು. ನಾನು ತಟ್ಟನೆ ಅದನ್ನು ಮುಂದೆ ಹಿಡಿದೆ. ಮುಟ್ಟಲಿಲ್ಲ.

"ತಾಮ್ರದ ತಂತಿ ಎಲ್ಲೆ?"

"ಹರೀತ್ರಿ. ನೂಲು ಸುತ್ತೇನಿ."

"ನೂಲು! ನೇಕಾರ ನೇಕಾರನ ಉಳದಿ" ಎಂದು ಜನರೊಳಗೆ ಹೊಕ್ಕು ಹೋದರು.

ಅಷ್ಟರಲ್ಲಿ ಭಾಷಣ ಮುಗಿದು ಮಲ್ಲೇಶಿ ಡೋಲು ಬಾರಿಸಿದ. ಓಡಿಹೋಗೋಣವೆಂದರೆ ಹಿಂದೆ ಮುಂದೆ ಜನ. ಸಾಲಿನಲ್ಲಿ ನಿಂತೆ. ಮೂತಿಯಿಲ್ಲದ ಕೊಳವೆಯನ್ನೇ ಬಾಯಿಗೆ ಹಿಡಿದು, ರುಮಾಲಿನ ಚುಂಗು ಮುಂದೆ ಇಳಿಬಿಟ್ಟುಕೊಂಡು, ಬೆರಳು ಆಡಿಸುತ್ತ ನಡೆದೆ. ಕಹಳೆಗಳ ಗದ್ದಲದಲ್ಲಿ ಯಾರಿಗೂ ತಿಳಿಯಲಿಲ್ಲ. ಆದರೆ ಹಾಡು ನನ್ನ ಜಾಗದ ಕಡೆ ಬರುತ್ತಿತ್ತು. ಊರೆಲ್ಲ ನಗುವ ಹೊತ್ತು ಬಂತು ಎಂದುಕೊಂಡೆ. ಖಾಲಿ ಪೆಟ್ಟಿಗೆಯ ಮುಂದೆ ನಕ್ಕ ಹಾಗೆ ಈಗ ನನ್ನ ಮುಂದೆ.

ಕಹಳೆಗಳು ನಿಂತವು. ಡೋಲು ನಿಂತಿತು.

ನನ್ನ ಎಡಕ್ಕೆ, ಜನರ ಸಾಲಿನ ಹಿಂದಿನಿಂದ ಸ್ವರ ಎದ್ದಿತು. ಚೂಪಾದ, ನೆಟ್ಟನೆಯ, ಅಲುಗದ ಸ್ವರ. ಬರೀ ಮೂತಿಯದು. ಹಾಡನ್ನು ಅವರು ದಾರಿಯುದ್ದ ಕೇಳಿಯೇ ಹಿಡಿದುಕೊಂಡಿರಬೇಕು. ಮುಷ್ಟಿಯಲ್ಲಿ ಹಿಂಡಿ ನುಡಿಸುತ್ತಿದ್ದರು. ನನ್ನ ಬೆರಳು ತಾವಾಗಿ ಅವರ ಹಿಂದೆ ಹೋದವು. ಒಂದು ತಿರುವನ್ನು ನಾನು ತಿಂಗಳಿನಿಂದ ಅವಸರದಲ್ಲಿ ಮುಗಿಸುತ್ತಿದ್ದೆ. ಅವರು ಅಲ್ಲಿ ನಿಧಾನ ಮಾಡಿದರು, ನಾನೂ ನಿಧಾನ ಮಾಡಬೇಕಾಯಿತು. ಜನ ಚಪ್ಪಾಳೆ ತಟ್ಟಿದರು. ಗದಗ ಮುಟ್ಟುವವರೆಗೆ ಆ ಜಾಗ ಐದಾರು ಸಲ ಬಂತು. ಪ್ರತಿ ಸಲ ನನ್ನ ಬೆರಳು, ಅವರ ಉಸಿರು. ಒಂದು ಸಲವೂ ಅವರು ಕಣ್ಣಿಗೆ ಬೀಳಲಿಲ್ಲ.

ಮುಗಿದ ಮೇಲೆ ಮಲ್ಲೇಶಿ ಡೋಲು ಇಳಿಸಿ ಬಂದು ನನ್ನ ಬೆನ್ನು ಚಪ್ಪರಿಸಿದ. "ಇಷ್ಟ ದಿವಸ ಊದ್ತಿದ್ದಿ. ಇವತ್ತ ನುಡಿಸಿದಿ ನೋಡಲೇ!" ಎಂದ.

"ಹೂನ್ರಿ" ಎಂದೆ. ಅವನಿಗೆ ನಾನು ಹೇಳಿದ ಎರಡನೆಯ ದೊಡ್ಡ ಸುಳ್ಳು ಅದು.

ಜನ ಕರಗಿದ ಮೇಲೆ ಇಡೀ ರಸ್ತೆ ಹುಡುಕಿದೆ. ಚಹದಂಗಡಿಯವನನ್ನು ಕೇಳಿದೆ. ಎಮ್ಮೆ ಕೋಲಿನ ಮುದುಕ ಮುಳಗುಂದದ ಕಡೆಯ ಬಂಡಿ ಹತ್ತಿದ ಎಂದ. ಮರುವರ್ಷ ಅವರು ತೀರಿಕೊಂಡ ಖಬರು ಬಂತು. ಆ ಬೇವಿನ ಮರ ದಾಟಿ ನಾನು ಮುಳಗುಂದಕ್ಕೆ ಹೋದದ್ದು ಅದೇ ಮೊದಲು. ಮಗಳು ಬಾಗಿಲಲ್ಲೇ ನಿಲ್ಲಿಸಿ, "ನೀವ ಏನು ಶಂಕ್ರಪ್ಪ?" ಎಂದಳು, ಒಳಗೆ ಕರೆಯಲಿಲ್ಲ. ತೊಲೆಗೆ ಗಿಂಡಿ ತೂಗುತ್ತಿದ್ದದ್ದು ಹೊರಗಿನಿಂದಲೇ ಕಂಡಿತು.

ಮೂತಿ ಕಸಿದುಕೊಂಡು ಅವರು ಸುಮ್ಮನೆ ಹೋಗಿದ್ದರೆ ಏನಾಗುತ್ತಿತ್ತು? ಅವತ್ತು ಊರು ನಗುತ್ತಿತ್ತು. ನಾನು ಮಾಡಿದ್ದಕ್ಕೆ ಅವರು ಮಾಡಿದ್ದು ಸರಿಹೋಗುತ್ತಿತ್ತು, ನಾನು ಹಗುರಾಗಿ ಕುಣಿಗೆ ಮರಳುತ್ತಿದ್ದೆ. ಆ ಮನುಷ್ಯ ಅಷ್ಟು ಕೂಡ ಬಿಟ್ಟುಕೊಡಲಿಲ್ಲ. ಅದಕ್ಕೇ ಹೇಳಿದ್ದು, ನನಗೆ ಇವತ್ತಿಗೂ ಸಿಟ್ಟಿದೆ.